ನೂರಹನ್ನೆರಡು ಮೀಟರ್ ಆಳದಲ್ಲಿ ಕಚ್ಚಿಕೊಂಡ ಡ್ರಿಲ್

ಹಿಮಬಯಲಿನ ಶಿಬಿರ
ಜನವರಿ ೧೯

ಪ್ರೀತಿಯ ಅಪ್ಪಾ,

ಕಣ್ಣಿನ ಆಪರೇಷನ್ ಆಗಿ ಮೂರು ವಾರವಾಯಿತು, ಈಗ ಹೇಗಿದೆ? ಡ್ರಾಪ್ಸ್ ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತಿದ್ದೀರೋ, ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದೀರೋ? ಕರಿ ಕನ್ನಡಕ ತೆಗೆದಿಟ್ಟು ಗ್ಯಾರೇಜಿಗೆ ಹೋಗಿ ಯಾವುದೋ ಲಾರಿಯ ಕೆಳಗೆ ಮಲಗಿದ್ದಿರೆಂದು ತಮ್ಮ ಚಾಡಿ ಹೇಳಿದ್ದಾನೆ. ನಾನು ಚೆನ್ನಾಗಿದ್ದೇನೆ. ಈ ಚಳಿಗೆ ನನ್ನಲ್ಲಿ ಹೊಟ್ಟೆಯೊಂದೇ ಚುರುಕಾಗಿದೆ.

ಇಲ್ಲಿ ವಿಜ್ಞಾನಿಗಳು ಐದು ಜನ, ಅವರ ಯಂತ್ರ ನೋಡಿಕೊಳ್ಳಲು ನಾನೊಬ್ಬಳು. ಮಂಜುಗಡ್ಡೆಯನ್ನು ಕೊರೆದು ಉದ್ದುದ್ದ ತುಂಡುಗಳಾಗಿ ಮೇಲೆತ್ತುತ್ತಾರೆ. ಸಾವಿರಾರು ವರ್ಷದ ಹಿಂದಿನ ಗಾಳಿ, ಧೂಳು ಅದರೊಳಗೆ ಹಾಗೇ ಉಳಿದಿರುತ್ತದಂತೆ. ಡ್ರಿಲ್, ಅದನ್ನು ಇಳಿಸಿ ಎತ್ತುವ ವಿಂಚ್, ಜನರೇಟರ್ ಇಷ್ಟೇ ನನ್ನ ಸಂಸಾರ.

ಹೋದ ಮಂಗಳವಾರ ನನ್ನಿಂದ ಒಂದು ಎಡವಟ್ಟಾಯಿತು. ಪ್ರತಿ ಸಲ ಡ್ರಿಲ್ ಮೇಲೆ ಬಂದಾಗ ಒಳಗೆ ತುಂಬಿದ ಮಂಜಿನ ಪುಡಿಯನ್ನು ಪೂರ್ತಿ ತೆಗೆಯಬೇಕು. ಗಾಳಿ ಜೋರಾಗಿತ್ತು, ಬೆರಳು ಮರಗಟ್ಟಿತ್ತು. ಅರ್ಧಂಬರ್ಧ ತೆಗೆದು ಇಳಿಸಿಬಿಟ್ಟೆ. ನೂರಹನ್ನೆರಡು ಮೀಟರ್ ಆಳದಲ್ಲಿ ಡ್ರಿಲ್ ಕಚ್ಚಿಕೊಂಡಿತು. ನಮ್ಮಲ್ಲಿರುವುದು ಅದೊಂದೇ. ಅದು ಮೇಲೆ ಬಾರದಿದ್ದರೆ, ಆರು ವರ್ಷ ಓಡಾಡಿ ಈ ಶಿಬಿರ ಹಾಕಿಸಿದ ವಿಜ್ಞಾನಿ ಮೇಡಂ ಬರಿಗೈಲಿ ವಾಪಸ್ಸು ಹೋಗಬೇಕು. ಯಾರೂ ನನ್ನನ್ನು ಕೇಳಲಿಲ್ಲ. ಡ್ರಿಲ್ಲಿನ ಹಲ್ಲುಗಳೇ ಮಂಜಿಗೆ ಹೆಪ್ಪುಗಟ್ಟಿರಬೇಕು ಅಂದುಕೊಂಡರು. ಬಾಯಿ ಮುಚ್ಚಿಕೊಂಡಿದ್ದರೆ ನಡೆದುಹೋಗುತ್ತಿತ್ತು ಅಪ್ಪಾ. ಆದರೆ ಕೂತಲ್ಲಿ ಕೂರಲಾಗಲಿಲ್ಲ. ಮೇಡಂ ಟೆಂಟಿಗೆ ಹೋಗಿ, "ತಪ್ಪು ನಂದು ಮೇಡಂ, ಪುಡಿ ಪೂರ್ತಿ ತೆಗೀಲಿಲ್ಲ" ಅಂದೆ. ಅವರು ಕೈಗವಸು ಹಾಕಿಕೊಂಡು ಎದ್ದರು. ಆಮೇಲೆ, "ಹಾಗಾದ್ರೆ ಯಾಕೆ ಕಚ್ಚಿದೆ ಅಂತ ಗೊತ್ತಾಯ್ತಲ್ಲ. ನಡಿ, ನೀನೇ ತೆಗಿ" ಅಂದರು.

ಜೋರಾಗಿ ಎಳೆಯೋಣ ಎಂದು ಉಳಿದವರ ಆತುರ. ಎಳೆದರೆ ಕೇಬಲ್ ಕಿತ್ತುಹೋಗುತ್ತಿತ್ತು. ನೀವು ಲಾರಿಗೆ ಹಾಕುವ ಕೂಲೆಂಟ್ ಇದೆಯಲ್ಲ, ಅಂಥದೇ ಮಂಜು ಕರಗಿಸುವ ದ್ರವವನ್ನು ಆ ತೂತಿಗೆ ಸುರಿದು, ಕೇಬಲನ್ನು ಹದವಾಗಿ ಬಿಗಿದಿಟ್ಟು, ವಿಂಚಿನ ಪಕ್ಕ ಕೂತೆ. ಹತ್ತೊಂಬತ್ತು ತಾಸು! ದಕ್ಷಿಣ ಧ್ರುವದ ಈ ಕಡೆ ಈಗ ಬೇಸಿಗೆ, ಸೂರ್ಯ ಮುಳುಗುವುದೇ ಇಲ್ಲ, ಹೊತ್ತು ಹೋದದ್ದು ಗಡಿಯಾರಕ್ಕಷ್ಟೇ ಗೊತ್ತು. ಮೇಡಂ ಎರಡು ಸಲ ಬಿಸಿ ಸೂಪು ತಂದುಕೊಟ್ಟು, ಪಕ್ಕದಲ್ಲೇ ಕೂತರು. ಕೊನೆಗೆ ಎಳೆತ ತೋರಿಸುವ ಮುಳ್ಳು ಸರ್ರನೆ ಇಳಿಯಿತು. ಕೇಬಲ್ ತುಂಡಾಯಿತೆಂದೇ ಅಂದುಕೊಂಡೆ. ಇಲ್ಲ, ಡ್ರಿಲ್ ಬಿಟ್ಟುಕೊಂಡಿತ್ತು! ಮೇಲೆ ಬಂದಾಗ ಅದರೊಳಗಿನ ಮಂಜುಗಡ್ಡೆಯಲ್ಲಿ ಪೆನ್ಸಿಲಿನಲ್ಲಿ ಎಳೆದಂಥ ಬೂದುಗೆರೆ. ಯಾವ ಕಾಲದಲ್ಲೋ ಸಿಡಿದ ಜ್ವಾಲಾಮುಖಿಯ ಬೂದಿಯಂತೆ. ಮೇಡಂ ಆರು ವರ್ಷದಿಂದ ಹುಡುಕುತ್ತಿದ್ದದ್ದು ಅದನ್ನೇ. ಅವರು ಅತ್ತರು. ನಾನು ಅವರಿಗಿಂತ ಜೋರಾಗಿ ಅತ್ತೆ. ಕಣ್ಣೀರು ರೆಪ್ಪೆಯಲ್ಲೇ ಗಟ್ಟಿಯಾಗಿ, ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ಸುಸ್ತಾದೆವು.

ತಮ್ಮನಿಗೆ ಒಂದು ಗುದ್ದು, ಅಮ್ಮನಿಗೆ ಒಂದು ಮುತ್ತು, ನಿಮ್ಮಿಬ್ಬರ ಕಾಲಿಗೆ ಇಲ್ಲಿಂದಲೇ ಬಗ್ಗಿ ನಮಸ್ಕಾರ.

ನಿಮ್ಮ
ಮೊಂಡಿ

ತಾ.ಕ.: ಟಪಾಲು ಒಯ್ಯುವ ವಿಮಾನದ ಸದ್ದು ಕೇಳುತ್ತಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮಾರ್ಚಿಗೆ ಬರುತ್ತೇನೆ ಅಂದಿದ್ದೆನಲ್ಲ, ಬರುತ್ತಿಲ್ಲ. ಮಾರ್ಚಿನ ಮೇಲೆ ಇಲ್ಲಿ ಶುರುವಾಗುವ ಚಳಿಗಾಲವಿಡೀ ಮುಖ್ಯ ಠಾಣೆಯ ಯಂತ್ರಗಳನ್ನು ನೋಡಿಕೊಳ್ಳಲು ಮೇಡಂ ನನ್ನ ಹೆಸರು ಹೇಳಿದರು, ನಾನು ಸಹಿ ಹಾಕಿಬಿಟ್ಟೆ. ಇನ್ನು ನವೆಂಬರಿಗೇ ಮನೆ. ಖುಷಿಯಾಗಿದ್ದೇನೆ ಅಪ್ಪಾ, ನಿಜವಾಗಿ. ಅಮ್ಮನಿಗೆ ಮಾತ್ರ ನೀವೇ ಹೇಳಿ. ಊಟವಾದ ಮೇಲೆ ಹೇಳಿ.