ಅತ್ತೆಗೆ ಹೇಳಿದ ಇಂಗ್ಲಿಷ್

12 ಸೆಪ್ಟೆಂಬರ್ 1989, ಮಂಗಳವಾರ. ಬೇಡಕಿಹಾಳ

ನಾಳೆ ಪಾಲಬಾವಿಗೆ ಹೋಗುವುದಿಲ್ಲ. ಮಗನ ಹೊಟ್ಟೆಗೆ ಬರೆ ಹಾಕಿಸುವುದಿಲ್ಲ.

ಅಳುತ್ತ ಅಳುತ್ತ ಉಸಿರು ಕಟ್ಟಿ ನೀಲಿಯಾಗುತ್ತಾನಲ್ಲ, ಅದಕ್ಕೆ ಕಾದ ಸೂಜಿಯೇ ಮದ್ದೆಂದು ಅತ್ತೆ ಹಟ ಹಿಡಿದಿದ್ದರು. ನಿಪ್ಪಾಣಿಯ ಡಾಕ್ಟರು ಚೀಟಿಯಲ್ಲಿ ಔಷಧವನ್ನೇ ಬರೆದಿರಲಿಲ್ಲ. ‘ಹೀ ವಿಲ್ ಗ್ರೋ ಔಟ್ ಆಫ್ ಇಟ್’ ಎಂದಿದ್ದರು, ಅಷ್ಟೇ. ಬಿ.ಎ. ಓದಿದ ನನಗೆ ಅರ್ಥವಾಯಿತು. ಅತ್ತೆಗೆ ಹೇಳಲು ಸರಿಯಾದ ಮಾತು ಸಿಗಲಿಲ್ಲ.

“ಬೆಳೀತ ಬೆಳೀತ ತಾನ ಹೋಗ್ತೈತಂತ್ರಿ” ಎಂದರೆ, “ಎಲ್ಲಿಗ್ ಹೋಗ್ತೈತಿ, ಬಸ್ ಹತ್ತಿ?” ಎಂದಿದ್ದರು.

ಇವತ್ತು ಮಧ್ಯಾಹ್ನ, ಅವರೇ ಹೊಲಿದಿದ್ದ ಕುಂಚಿಗೆಯನ್ನು ಮಗನ ತಲೆಗೆ ಹಾಕಲು ಹೋದೆ. ಚಿಕ್ಕದಾಗಿತ್ತು. ತಟ್ಟನೆ ಹೇಳಿಬಿಟ್ಟೆ: “ಅತ್ತಿ, ಇದನ್ನ ಯಾರೂ ಹರದಿಲ್ರಿ, ಸುಟ್ಟಿಲ್ರಿ. ಇಂವಾ ಬೆಳದಾನ, ಇದು ಹಿಂದ ಉಳದೈತಿ. ಆ ಬ್ಯಾನೀನೂ ಹಂಗ ಅಂತ್ರಿ.”

ಅತ್ತೆ ಕುಂಚಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇಷ್ಟ ಹೇಳಾಕ ಆ ಡಾಕ್ಟರಗ ಇಂಗ್ಲೀಷ ಬೇಕಾತೇನ?”

ಸಂಜೆ ಮತ್ತೆ ಅತ್ತು ನೀಲಿಯಾದ. ನಾನು ಓಡುವ ಮೊದಲೇ ಅತ್ತೆ ಎತ್ತಿಕೊಂಡರು. ಅವರ ಮುಖವೂ ಬಿಳುಚಿತ್ತು. ಸೂಜಿಯ ಮಾತು ಬಂದೇ ಬರುತ್ತದೆ ಎಂದುಕೊಂಡೆ. ಮಗನಿಗೆ ಉಸಿರು ಮರಳಿತು. “ಎಷ್ಟ ತಿಂಗಳಾತ ಇವಗ?” ಎಂದರು.

“ಹದಿನಾಕ್ರಿ.”

“ನಾಳೆ ಹೋಗೂದ ಬ್ಯಾಡ ಬಿಡು. ಲಗೂ ಬೆಳಿಯೋ ನನ್ನಪ್ಪಾ” ಎಂದು ಅವನ ಬೆನ್ನು ತಟ್ಟುತ್ತಲೇ ಇದ್ದರು.

ಈಗ ಅಜ್ಜಿ, ಮೊಮ್ಮಗ ಇಬ್ಬರೂ ಗೊರಕೆ ಹೊಡೆಯುತ್ತಿದ್ದಾರೆ. ಎಷ್ಟೋ ದಿನದ ಮೇಲೆ ನನಗೂ ಕಣ್ಣು ಮುಚ್ಚಿ ಬರುತ್ತಿ…