ಧಾರವಾಡದ ಕೊನೆಯ ಲಿವರ್ ವಾರ್ಡ್ ಮುಚ್ಚಿದ ದಿನ

ಧಾರವಾಡ,
ಫೆಬ್ರವರಿ ೩೦, ೨೧೮೭

ನಮಗಿಂತ ಮೊದಲು ಬದುಕಿದವರೇ,

ಮೇಲಿನ ತಾರೀಖು ಕಂಡು ಕಾಗದವನ್ನು ಪಕ್ಕಕ್ಕಿಡಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ತಿಂಗಳುಗಳ ಏರುಪೇರನ್ನು ನಮ್ಮ ಮುತ್ತಜ್ಜಂದಿರೇ ಸರಿಪಡಿಸಿ ಹೋಗಿದ್ದಾರೆ. ನಿಮ್ಮ ಕನ್ನಡವನ್ನು ನಾನು ಹಳೆಯ ಪತ್ರಿಕೆಗಳನ್ನು ಓದಿ ಕಲಿತದ್ದು. ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಹೊಂದಿಸಿಕೊಂಡು ಓದಿ.

ನನ್ನ ಹೆಸರು ಇಳಾ. ಧಾರವಾಡದಲ್ಲಿ ನಾನು ಉಸಿರುಗಾರ್ತಿ. ಈ ಉದ್ಯೋಗ ನಿಮ್ಮಲ್ಲಿಲ್ಲ, ಆದ್ದರಿಂದ ಹೇಳುತ್ತೇನೆ. ಓಣಿಯ ಜನ ತಿಂಗಳಿಗೊಮ್ಮೆ ನನ್ನ ಕಟ್ಟೆಗೆ ಬಂದು, ಕಾಗದದಂಥ ತೆಳುವಾದ ಪಟ್ಟಿಯೊಂದರ ಮೇಲೆ ಉಸಿರು ಊದುತ್ತಾರೆ. ಪಟ್ಟಿ ಬಿಳಿಯಾಗಿಯೇ ಉಳಿದರೆ ಅವರ ಲಿವರ್ ಸುಖವಾಗಿದೆ. ಅರಿಶಿನದ ಬಣ್ಣಕ್ಕೆ ತಿರುಗಿದರೆ ಅದರ ಜೀವಕೋಶಗಳು ದಣಿದಿವೆ ಎಂದರ್ಥ. ಆಗ ‘ಬಿಡುವಿನ ಗುಳಿಗೆ’ ಕೊಟ್ಟು ಕಳಿಸುತ್ತೇನೆ. ವಾರದಲ್ಲಿ ನಾಲ್ಕು ದಿನ ನುಂಗಬೇಕು, ಮೂರು ದಿನ ಬಿಡಬೇಕು. ಬಿಡುವ ಆ ಮೂರು ದಿನಗಳಿಗೆ ನಮ್ಮ ಊರಲ್ಲಿ ‘ನದಾಫ ದಿನ’ ಎನ್ನುತ್ತಾರೆ. ಜನ ಬರುವುದು ಪಟ್ಟಿ ಊದಲು ಮಾತ್ರವಲ್ಲ; ಅರ್ಧ ತಾಸು ಕೂತು ಚಹಾ ಕುಡಿದು, ಮಗಳ ಮದುವೆ, ಮನೆಯ ಸೋರುವ ನಲ್ಲಿ, ಎಲ್ಲವನ್ನೂ ಹೇಳಿ ಹೋಗುತ್ತಾರೆ.

ಇಂದು ಮುಂಜಾನೆ ನಮ್ಮ ಊರಿನ ಕೊನೆಯ ಲಿವರ್ ವಾರ್ಡನ್ನು ಮುಚ್ಚಿದೆವು. ಲಿವರ್ ವಾರ್ಡ್ ಎಂದರೇನು ಎಂದು ನಮ್ಮ ಮಕ್ಕಳಿಗೆ ವಿವರಿಸಬೇಕಾಗುತ್ತದೆ. ನಿಮಗೆ ಬೇಕಿಲ್ಲ. ಹಳದಿ ಕಣ್ಣು, ನೀರು ತುಂಬಿದ ಹೊಟ್ಟೆ, ಕಡ್ಡಿಯಂತಾದ ತೋಳು, ಬಾಗಿಲಾಚೆ ಬುತ್ತಿ ಹಿಡಿದು ಕೂತ ಮನೆಯವರು, ಎಲ್ಲವನ್ನೂ ನೀವು ಕಂಡಿದ್ದೀರಿ. ಅದು ಹೇಗೆ ಇಲ್ಲವಾಯಿತು ಎಂದು ನಿಮಗೆ ತಿಳಿಸಬೇಕೆನಿಸಿತು. ಅದಕ್ಕೇ ಈ ಪತ್ರ.

ಡಾ. ಸುಗಂಧಾ ಹೂಗಾರ ನಿಮ್ಮ ಕಾಲದ ಜೀವರಸಾಯನ ವಿಜ್ಞಾನಿ. ಅವರ ತಾಯಿ ಧಾರವಾಡದ ಮಾರುಕಟ್ಟೆಯಲ್ಲಿ ಹೂ ಕಟ್ಟುತ್ತಿದ್ದವರು, ಐವತ್ತೊಂದನೆಯ ವಯಸ್ಸಿಗೆ ಲಿವರ್ ಗಟ್ಟಿಯಾಗಿ ತೀರಿಕೊಂಡರು. ಒಂದು ಹನಿ ಹೆಂಡ ಮುಟ್ಟಿದವರಲ್ಲ. ಆದರೂ ಮಣ್ಣಿಗೆ ಬಂದ ನೆಂಟರು, ಕುಡಿಯುತ್ತಿದ್ದಳೇನೋ ಎಂಬಂತೆ ಒಬ್ಬರನ್ನೊಬ್ಬರು ನೋಡಿಕೊಂಡ ಬಗೆಯನ್ನು ಮಗಳು ಮರೆಯಲಿಲ್ಲ. ಕುಡಿಯದವರ ಲಿವರ್ ಯಾಕೆ ಸಾಯುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಅವರು ಸಣ್ಣದೊಂದು ಪ್ರಯೋಗಾಲಯದಲ್ಲಿ ಏಳು ವರ್ಷ ಕೂತರು.

ಅವರು ತಿಳಿದುಕೊಂಡದ್ದನ್ನು ನನಗೆ ಬಂದಷ್ಟು ಸರಳವಾಗಿ ಹೇಳುತ್ತೇನೆ. ಲಿವರಿನ ಪ್ರತಿ ಜೀವಕೋಶದೊಳಗೂ ಪ್ರೋಟೀನುಗಳು ತಯಾರಾಗುತ್ತವೆ. ತಯಾರಾದ ಪ್ರತಿಯೊಂದನ್ನೂ ಸೀರೆ ಮಡಿಸಿದ ಹಾಗೆ ಸರಿಯಾಗಿ ಮಡಿಸಬೇಕು. ಕೊಬ್ಬು, ಸಕ್ಕರೆ, ವಿಷ ಹೆಚ್ಚಾಗಿ ಕೆಲಸ ಮೇಲೆ ಬಿದ್ದಾಗ ಮಡಿಕೆ ತಪ್ಪುತ್ತದೆ, ಸೊಟ್ಟ ಪ್ರೋಟೀನುಗಳು ರಾಶಿಯಾಗುತ್ತವೆ. ಆಗ ಕೋಶದೊಳಗೆ ಒಂದು ಎಚ್ಚರಿಕೆಯ ಗಂಟೆ ಮೊಳಗುತ್ತದೆ. ಆ ಗಂಟೆ ನಿಲ್ಲದೆ ಹೊಡೆಯುತ್ತಲೇ ಇದ್ದರೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಸತ್ತ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆಗಳು ಕೂಡಿ ಲಿವರ್ ಕಲ್ಲಾಗುತ್ತದೆ. ಹಾಗಾದರೆ ಗಂಟೆಯ ಸದ್ದನ್ನೇ ಅಡಗಿಸಿಬಿಟ್ಟರೆ? ಸುಗಂಧಾ ಅದಕ್ಕೊಂದು ಔಷಧ ಮಾಡಿದರು. ಕೊಬ್ಬಿನ ಆಹಾರ ತಿನ್ನಿಸಿ ಲಿವರ್ ಕೆಡಿಸಿದ ಇಲಿಗಳಿಗೆ ದಿನವೂ ಚುಚ್ಚಿಸಿದರು. ಹೆಚ್ಚಿನ ಇಲಿಗಳು ಔಷಧವಿಲ್ಲದವುಗಳಿಗಿಂತ ಬೇಗ ಸತ್ತವು; ಬದುಕಿದ ಕೆಲವನ್ನು ಅವರು ಆಕಸ್ಮಿಕವೆಂದು ಬಿಟ್ಟರು.

೨೦೩೧ರ ಆಗಸ್ಟಿನ ಒಂದು ಮಧ್ಯಾಹ್ನ ಅವರು ‘ಪ್ರಯೋಗ ವಿಫಲ’ ಎಂಬ ವರದಿ ಬರೆಯಲು ಕೂತಿದ್ದರು. ಆಗ ಇಲಿಮನೆಯ ಸಹಾಯಕ ರಾಜೇಸಾಬ ನದಾಫ ಬಾಗಿಲಲ್ಲಿ ಬಂದು ನಿಂತರು. ಐವತ್ತು ದಾಟಿದವರು, ಗುತ್ತಿಗೆಯ ನೌಕರ. ಮುಂದೆ ನಡೆದ ಮಾತುಗಳನ್ನು ಸುಗಂಧಾ ಅಂದೇ ತಮ್ಮ ಮೊಬೈಲಿನಲ್ಲಿ ಹೇಳಿ ಇಟ್ಟುಕೊಂಡರು. ಆ ಧ್ವನಿ ಇಂದಿಗೂ ನಮ್ಮಲ್ಲಿದೆ.

“ಬಾಯಾರ, ಒಂದು ತಪ್ಪಾಗೇತ್ರಿ. ನಮ್ಮವ್ವ ನವಲಗುಂದದಾಗ ಬಿದ್ದು ಸ್ವಂಟಾ ಮುರಕೊಂಡಾಳ. ಎರಡು ತಿಂಗಳಿಂದ ಶುಕ್ರವಾರ ಹೋಗಿ ರವಿವಾರ ರಾತ್ರಿ ಬರಾಕತ್ತೀನಿ. ನೀರು, ಕಾಳು ಇಟ್ಟ ಹೋಗತಿದ್ನಿರಿ. ಎಲ್ಲಾ ಇಲಿಗೂ ಸೂಜಿ ಚುಚ್ಚಾಕ ಗೆಳೆಯಾಗ ಹೇಳಿದ್ದೆ. ಕಡೀ ಸಾಲಿಗೆ ಆಂವ ಚುಚ್ಚೇ ಇಲ್ಲಂತ್ರಿ. ನಾ ಬುಕ್ಕಿನಾಗ ಹಾಕೇನಂತ ಬರದೀನಿ. ಸುಳ್ಳ ಬರದೀನ್ರಿ.”

ಸುಗಂಧಾ ಅವರಿಗೆ ಸಿಟ್ಟು ನೆತ್ತಿಗೇರಿತು. “ಎಂಟು ವಾರದ ಕೆಲಸ ಹಾಳು ಮಾಡಿದ್ರಲ್ಲ ರಾಜೇಸಾಬ! ಮೊದಲ ಯಾಕ ಹೇಳಲಿಲ್ಲ?”

“ಕೆಲಸಾ ಹೊಕ್ಕೇತಿ ಅಂತ ಅಂಜಿದ್ನಿರಿ. ಈಗ ನೀವು ಸೋತ್ನಿ ಅಂತ ಬರಿಯಾಕತ್ತೀರಿ. ಅದನ್ನ ನೋಡಿ ಸುಮ್ನಿರಾಕ ಆಗಲಿಲ್ರಿ.”

ಸುಗಂಧಾ ವರದಿಯನ್ನು ಬದಿಗೆ ಸರಿಸಿ ದಾಖಲೆಪುಸ್ತಕ ತೆರೆದರು. ಆಮೇಲೆ ಕೇಳಿದರು, “ಕಡೀ ಸಾಲಿಗೆ ವಾರಕ್ಕ ಮೂರು ದಿನ ಔಷಧ ಇಲ್ಲ. ಹೌದಿಲ್ಲೋ?”

“ಹೌದ್ರಿ.”

ಇಬ್ಬರೂ ಎದ್ದು ಇಲಿಮನೆಗೆ ನಡೆದರು. ದಿನವೂ ಔಷಧ ಪಡೆದ ಮೊದಲ ನಾಲ್ಕು ಸಾಲುಗಳ ಪಂಜರಗಳು ಹೆಚ್ಚುಕಡಿಮೆ ಖಾಲಿ. ಕಡೆಯ ಸಾಲಿನ ಇಪ್ಪತ್ತನಾಲ್ಕು ಇಲಿಗಳಲ್ಲಿ ಇಪ್ಪತ್ತಮೂರು ಜೀವಂತ. ಕಾಳು ಕಡಿಯುತ್ತ, ಒಂದರ ಮೇಲೊಂದು ಹತ್ತಿ ಜಗಳವಾಡುತ್ತಿದ್ದವು. ಆ ಸಾಲಿನ ಒಂದು ಇಲಿಯ ಲಿವರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಕಲೆಗಳು ಅಂಚಿನಿಂದ ಕರಗತೊಡಗಿದ್ದವು. ಗಂಟೆಯನ್ನು ಪೂರ್ತಿ ಅಡಗಿಸುವುದೇ ತಪ್ಪಾಗಿತ್ತು. ಮೂರು ದಿನ ಹೊಡೆಯಲು ಬಿಟ್ಟರೆ ಕೋಶ ಎಚ್ಚೆತ್ತು ತನ್ನ ಕಸ ಗುಡಿಸಿಕೊಳ್ಳುತ್ತದೆ. ಸಾಯುವ ನಿರ್ಧಾರಕ್ಕೆ ಬರುವ ಮೊದಲೇ ಔಷಧ ಬಂದು ಅದಕ್ಕೆ ಬಿಡುವು ಕೊಡುತ್ತದೆ. ಧ್ವನಿಯ ಕೊನೆಯಲ್ಲಿ ಸುಗಂಧಾ ನಗುವುದೂ ಅಳುವುದೂ ಒಟ್ಟಿಗೇ ಕೇಳುತ್ತದೆ.

ಅವರು ಪ್ರಯೋಗವನ್ನು ಬೇಕೆಂದೇ ಅದೇ ರೀತಿ ಮೂರು ಸಲ ಮಾಡಿದರು. ಮೂರು ಸಲವೂ ಇಲಿಗಳು ಬದುಕಿದವು. ಫಲಿತಾಂಶ ಪ್ರಕಟಿಸುವಾಗ, ಆ ದಾಖಲೆಪುಸ್ತಕದ ಸಂಗತಿ ಎತ್ತಬೇಡಿ, ಮರ್ಯಾದೆ ಹೋಗುತ್ತದೆ ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದರು. ಸುಗಂಧಾ ಅದನ್ನು ಲೇಖನದ ಮೊದಲ ಪುಟದಲ್ಲೇ ಬರೆದರು. ರಾಜೇಸಾಬರನ್ನು ಕೇಳಿಯೇ ಬರೆದರು, ಲೇಖಕರ ಸಾಲಿನಲ್ಲಿ ಅವರ ಹೆಸರನ್ನೂ ಹಾಕಿದರು.

ಇನ್ನು ನನ್ನ ಅಜ್ಜಿಯ ಅಜ್ಜಿಯ ಅಪ್ಪನ ವಿಷಯ. ಅವರ ಹೆಸರು ಫಕೀರಪ್ಪ ಹಡಪದ, ಬಸ್ಸಿನ ಚಾಲಕ. ೨೦೩೮ರಲ್ಲಿ ಅವರ ಹೊಟ್ಟೆಯಲ್ಲಿ ನೀರು ತುಂಬಿ ಸ್ಟೇರಿಂಗ್ ಹಿಂದೆ ಕೂರಲಾಗದ ಸ್ಥಿತಿ ಬಂತು. ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ ನಲವತ್ತು ಜನ ಬೇಕಾಗಿದ್ದರು. ಫಕೀರಪ್ಪನವರ ಹೆಂಡತಿ ಪಾರವ್ವ ಸುಗಂಧಾ ಅವರನ್ನು ನೇರವಾಗಿ ಕೇಳಿದರು, “ಇಲಿ ಬದುಕಿದ್ರ ಮನಷ್ಯಾನೂ ಬದುಕತಾನೇನ್ರಿ?”

“ಗೊತ್ತಿಲ್ರಿ ಪಾರವ್ವಾರ. ಗೊತ್ತೈತಿ ಅಂದ್ರ ಸುಳ್ಳಾಕೈತಿ.”

ಪಾರವ್ವ ಗಂಡನ ಮುಖ ನೋಡಿದರು. ಫಕೀರಪ್ಪ ಪೆನ್ನಿಗೆ ಕೈಚಾಚಿದರು. “ಡಿಪೋದಾಗ ಎಲ್ಲಾರೂ ನನ್ನ ಕುಡುಕ ಅಂತಾರ್ರಿ. ಜನ್ಮದಾಗ ಮುಟ್ಟಿಲ್ಲ. ಈಗ ಸತ್ರ ಅದ ಹೆಸರು ಉಳೀತೈತಿ. ಕೊಡ್ರಿ, ಸಹಿ ಮಾಡತೀನಿ.”

ಐದು ವಾರ ಏನೂ ಆಗಲಿಲ್ಲ. ಆರನೆಯ ವಾರ ಅವರು ಅನ್ನ ಕೇಳಿ ಹಾಕಿಸಿಕೊಂಡು ಉಂಡರು. ಮೂರನೆಯ ತಿಂಗಳಿಗೆ ಹೊಟ್ಟೆ ಇಳಿಯಿತು, ಕಣ್ಣು ಬೆಳ್ಳಗಾದವು. ಆ ನಲವತ್ತು ಜನರಲ್ಲಿ ಒಂಬತ್ತು ಮಂದಿ ಉಳಿಯಲಿಲ್ಲ. ಅವರ ಹೆಸರುಗಳನ್ನು ಉಸಿರುಗಾರ್ತಿಯರಾಗುವವರೆಲ್ಲ ಬಾಯಿಪಾಠ ಮಾಡುತ್ತೇವೆ, ನಾನೂ ಮಾಡಿದ್ದೇನೆ. ಮೂವತ್ತೊಂದು ಮಂದಿ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋದರು. ಹನ್ನೊಂದನೆಯ ತಿಂಗಳು ಫಕೀರಪ್ಪ ಮತ್ತೆ ಖಾಕಿ ತೊಟ್ಟು ಸವದತ್ತಿಯ ಬಸ್ಸು ಹತ್ತಿದರು. ಅಂದು ಮುಂದಿನ ಸೀಟಿನಲ್ಲಿ ಪಾರವ್ವ, ಪಕ್ಕದಲ್ಲಿ ಸುಗಂಧಾ, ಹಿಂದೆ ರಾಜೇಸಾಬ. ಡಿಪೋದ ಜನ ಸಾಲಾಗಿ ನಿಂತು ನೋಡುತ್ತಿದ್ದರು. ಫಕೀರಪ್ಪ ಕನ್ನಡಿಯಲ್ಲಿ ಹಿಂದೆ ನೋಡಿ, “ಗಟ್ಟಿ ಹಿಡಕೊಂಡು ಕುಂದರ್ರಿ ಬಾಯಾರ, ನಮ್ಮ ರಸ್ತೆ ಭಾಳ ಕೆಟ್ಟೈತಿ” ಎಂದು ಗೇರು ಹಾಕಿದರು. ಬಸ್ಸು ಗೇಟು ದಾಟುವಾಗ ಡಿಪೋದವರು ತಟ್ಟಿದ ಚಪ್ಪಾಳೆಯ ಮಾತನ್ನು ನಮ್ಮ ಮನೆಯಲ್ಲಿ ಐದು ತಲೆಮಾರು ಹೇಳಿಕೊಂಡು ಬಂದಿದೆ. ಫಕೀರಪ್ಪ ಎಂಬತ್ತೆಂಟು ವರ್ಷ ಬಾಳಿದರು.

ನೀವು ಇದನ್ನು ಓದುವ ಹೊತ್ತಿಗೆ ಸುಗಂಧಾ ನಿಮ್ಮ ನಡುವೆಯೇ ಇರುತ್ತಾರೆ, ಇನ್ನೂ ಯಾರಿಗೂ ತಿಳಿಯದವರಾಗಿ. ಅವರನ್ನು ಹುಡುಕಬೇಡಿ, ಅವರ ಕೆಲಸ ಅವರು ಮಾಡಲಿ. ನಿಮ್ಮಿಂದ ನನಗೆ ಬೇಕಾದದ್ದು ಬೇರೆ. ಔಷಧ ಬರುವ ತನಕ ಇನ್ನೂ ಬಹಳ ಮಂದಿ ಆ ವಾರ್ಡುಗಳಲ್ಲಿ ಮಲಗುತ್ತಾರೆ. ಅವರಲ್ಲಿ ಕುಡಿದವರೂ ಇರುತ್ತಾರೆ, ಕುಡಿಯದವರೂ ಇರುತ್ತಾರೆ. ಎಷ್ಟು ಕುಡಿಯುತ್ತಿದ್ದ ಎಂದು ಕೇಳುವ ಮೊದಲು ಊಟವಾಯಿತೇ ಎಂದು ಕೇಳಿ. ಹತ್ತಿರ ಕೂತುಕೊಳ್ಳಿ.

ಇಂದು ಮುಂಜಾನೆಯದನ್ನು ಹೇಳಿ ಮುಗಿಸುತ್ತೇನೆ. ನಮ್ಮ ಕೊನೆಯ ರೋಗಿ ಚಂದ್ರವ್ವ, ಎಪ್ಪತ್ತೆರಡು ವರ್ಷದ ಹಟಮಾರಿ. ಪಟ್ಟಿ ಊದಲು ಒಪ್ಪದೆ ಇಪ್ಪತ್ತು ವರ್ಷ ನನ್ನಿಂದ ತಪ್ಪಿಸಿಕೊಂಡು ತಿರುಗಿದವರು. ಗುಣವಾಗಿ ಮನೆಗೆ ಹೊರಟ ಅವರು ಗಾಲಿಕುರ್ಚಿಯನ್ನು ಕಾಲಿಂದ ಆಚೆ ನೂಕಿ ಮಂಚದಿಂದ ಇಳಿದರು. ವೈದ್ಯರು, ದಾದಿಯರು, ಓಣಿಯ ಜನ ಎರಡೂ ಕಡೆ ನಿಂತಿದ್ದರು. ಆಸ್ಪತ್ರೆಯ ಮುಖ್ಯಸ್ಥರು ಕಾಗದ ಬಿಚ್ಚಿ, ಇದೊಂದು ಚಾರಿತ್ರಿಕ ದಿನ ಎಂದು ಶುರು ಮಾಡಿದರು. ಚಂದ್ರವ್ವ ಅವರ ಎದುರಿಗೆ ನಿಂತು, “ಭಾಷಣಾ ಆಮ್ಯಾಲೆ ಮಾಡ್ರಿ ಸಾಹೇಬ್ರ. ಬಿಸಿ ಗಿರಮಿಟ್ ಎಲ್ಲಿ ಸಿಗತೈತಿ, ಅದನ್ನ ಹೇಳ್ರಿ ಮೊದಲ” ಎಂದರು. ಮುಖ್ಯಸ್ಥರು ಕಾಗದ ಮಡಚಿ ಜೇಬಿಗಿಟ್ಟು, ತಾವೇ ಮುಂದಾಗಿ ಮಂಡಕ್ಕಿ ಗಾಡಿಯ ದಾರಿ ತೋರಿಸಿದರು. ನಾವೆಲ್ಲ ಹಿಂದೆ ಹೋದೆವು. ವಾರ್ಡಿನ ಬಾಗಿಲಿಗೆ ಬೀಗ ಹಾಕಲು ಒಬ್ಬರೂ ಉಳಿಯಲಿಲ್ಲ.

ನಿಮ್ಮ ನಂತರದವಳು,
ಇಳಾ