ಮೆಟ್ಟಿಲ ಕೆಳಗಿನ ರೂಮು

ಮಾರ್ಚ್ ೧೭, ಭಾನುವಾರ

ನನ್ನ ತಂಗಿಗೆ,

ಮೊದಲು ಒಟ್ಟು ಎಷ್ಟಾಯಿತು ಅಂತ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಬಾಗಿಲು ಒಂದು, ಚೌಕಟ್ಟಿನ ಸಮೇತ. ಕಿಟಕಿಯ ಗಾಜು ಒಂದೂ ಉಳಿದಿಲ್ಲ. ನನ್ನ ಕ್ಯಾಂಟೀನಿನ ಬೆಂಚು ನಾಲ್ಕು, ಟೀ ಕಾಯಿಸುವ ದೊಡ್ಡ ಪಾತ್ರೆ ಒಂದು. ಹುಡುಗರ ಕಡೆಯಿಂದ ಮುಂದಿನ ಹಲ್ಲು ಎರಡು, ಮೂಗು ಒಂದು, ಒಬ್ಬನ ಬಲಗೈಯ ಮೂರು ಬೆರಳು. ಮತ್ತೆ ನಿನ್ನ ಮಗಳ ಎಡಗಿವಿ. ಇದೆಲ್ಲ ಹೋದದ್ದು ಮೆಟ್ಟಿಲ ಕೆಳಗಿನ ಒಂದು ರೂಮಿಗಾಗಿ. ನಾನಾದರೆ ಅಲ್ಲಿ ಈರುಳ್ಳಿ ಮೂಟೆ ಕೂಡ ಇಡುತ್ತಿರಲಿಲ್ಲ, ಕೊಳೆತುಹೋಗುತ್ತದೆ.

ಕಾಗದ ತಡವಾಯಿತು. ಬೈದುಕೊಂಡೇ ಓದು, ತಪ್ಪು ತಿಳಿಯುವುದಿಲ್ಲ. ನಿನ್ನ ಯಜಮಾನರ ಹೊಟ್ಟೆಯ ಹೊಲಿಗೆ ಬಿಚ್ಚಿದರು ಅಂತ ಕೇಳಿ ಸಮಾಧಾನವಾಯಿತು. ಅವರನ್ನು ಆ ಸ್ಥಿತಿಯಲ್ಲಿ ಬಿಟ್ಟು ಬರಬೇಡ ಅಂತ ನಾನೇ ಹೇಳಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಇಲ್ಲಿ ನಿನ್ನ ಮಗಳಿಗೆ ಜ್ವರ ಬಿಟ್ಟಿದೆ. ಕಿವಿಯ ಹಿಂದಿನ ಮೂಳೆ ಕೂಡುತ್ತಿದೆ. ಕಿವಿ ಮಾತ್ರ ಮೊದಲಿನ ಹಾಗೆ ಆಗುವುದಿಲ್ಲ ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದರು. ಯಾರಾದರೂ ಕರೆದರೆ ಈಗ ಇಡೀ ಮೈ ತಿರುಗಿಸಿ ನೋಡುತ್ತಾಳೆ.

ಫೋನಿನಲ್ಲಿ ನೀನು ಪ್ರತಿ ಸಲವೂ ಕೇಳಿದ್ದು ಒಂದೇ. ಯಾರು ಹೊಡೆದದ್ದು ಅಕ್ಕಾ ಅಂತ. ನಾನು ಪ್ರತಿ ಸಲವೂ ಔಷಧಿಯ ಮಾತೆತ್ತಿ ತಪ್ಪಿಸಿಕೊಂಡೆ. ಪಕ್ಕದಲ್ಲಿ ಅವಳೇ ಮಲಗಿರುತ್ತಿದ್ದಳು, ಅವಳ ಒಳ್ಳೆಯ ಕಿವಿ ಫೋನಿನ ಕಡೆಗೇ ಇರುತ್ತಿತ್ತು. ಅದಕ್ಕೇ ಈ ಕಾಗದ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಮಧ್ಯದಲ್ಲಿ ಹಾರಿಸಿ ಕೊನೆಗೆ ಹೋಗಬೇಡ.

ಕಾಲೇಜಿನ ಗೇಟಿನ ಹೊರಗೆ ಒಂದು ಕೆಟಲ್ ಇಟ್ಟುಕೊಂಡು ಟೀ ಮಾರಲು ಶುರುಮಾಡಿದವಳು ನಾನು. ಈ ಕಾಲೇಜಿನ ಸಂಘಗಳನ್ನು ಅವುಗಳ ಬೋರ್ಡಿನಿಂದ ಗುರುತಿಸುವುದಿಲ್ಲ, ತಿನ್ನುವ ಚಾಳಿಯಿಂದ ಗುರುತಿಸುತ್ತೇನೆ. ನಾಟಕದವರು ಒಬ್ಬರ ತಟ್ಟೆಯಿಂದ ಇನ್ನೊಬ್ಬರು ತಿನ್ನುತ್ತಾರೆ. ಫೋಟೋದವರು ಎಲ್ಲ ತಣ್ಣಗಾದ ಮೇಲೆ ತಿನ್ನುತ್ತಾರೆ. ಚರ್ಚಾ ಸಂಘದವರು ಒಂದು ಟೀಗೆ ನಾಲ್ಕು ಜನ ಕೂತು ನನ್ನ ಬೆಂಚು ಸವೆಸುತ್ತಾರೆ. ವ್ಯಾಯಾಮ ಸಂಘದವರಿಗೆ ಬೇಯಿಸಿದ ಮೊಟ್ಟೆ. ಅವರ ಕ್ಯಾಪ್ಟನ್ ಬಿಳಿ ಭಾಗ ತಿಂದು ಹಳದಿ ಉಂಡೆಗಳನ್ನು ತಟ್ಟೆಯಲ್ಲಿ ಸಾಲಾಗಿ ಬಿಟ್ಟುಹೋಗುತ್ತಾನೆ. ಅವನಿಗೆ ‘ಮೊಟ್ಟೆ’ ಅಂತ ಹೆಸರಿಟ್ಟವಳು ನಿನ್ನ ಮಗಳೇ. ಆಳು ಬಾಗಿಲಿನಷ್ಟು ಅಗಲ, ಮಾತು ಮಾತ್ರ ನಾಚಿಕೆಯದು. ಆ ಹೆಸರಿಗೂ ಓಗೊಡುತ್ತಿದ್ದ.

ನಮ್ಮ ಮಕ್ಕಳಿಬ್ಬರೂ ಚರ್ಚಾ ಸಂಘದವರು, ನಿನಗೆ ಗೊತ್ತು. ನನ್ನ ಮಗ ಅಧ್ಯಕ್ಷ, ನಿನ್ನ ಮಗಳು ಕಾರ್ಯದರ್ಶಿ, ನಮ್ಮ ಮನೆಯ ಊಟದ ಮೇಜೇ ಕಾರ್ಯಕಾರಿ ಸಮಿತಿ. ಅವಳನ್ನು ನಾವು ವಕೀಲಮ್ಮ ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಹಾಲು ಒಡೆದರೆ ಹಾಲಿನ ಪರವಾಗಿ ವಾದ ಮಾಡುವವಳು ಅವಳು. ಅವರ ಸಂಘದಲ್ಲಿ ಒಂದು ಪದ್ಧತಿ ಇದೆ. ವಿಷಯ ಗೊತ್ತಾದ ಮೇಲೆ ಚೀಟಿ ಎತ್ತಬೇಕು. ಚೀಟಿಯಲ್ಲಿ ಪರ ಅಂತ ಬಂದರೆ ಪರ, ವಿರೋಧ ಅಂತ ಬಂದರೆ ವಿರೋಧ. ಸ್ವಂತ ಅಭಿಪ್ರಾಯವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಬೇಕಂತೆ.

ಗಲಾಟೆಗೆ ಹಿಂದಿನ ಗುರುವಾರ ತಮಾಷೆಗೆ ಇಟ್ಟ ವಿಷಯ, ‘ಮೆಟ್ಟಿಲ ಕೆಳಗಿನ ರೂಮು ವ್ಯಾಯಾಮ ಸಂಘಕ್ಕೆ ಸೇರಬೇಕು’. ಆ ರೂಮು ಚರ್ಚಾ ಸಂಘದ್ದು. ವ್ಯಾಯಾಮದವರು ವರ್ಷವಿಡೀ ಸೈಕಲ್ ಸ್ಟ್ಯಾಂಡಿನಲ್ಲಿ ಕಬ್ಬಿಣ ಎತ್ತುತ್ತಾ ಅದಕ್ಕೆ ಅರ್ಜಿ ಹಾಕುತ್ತಿದ್ದರು. ಅವರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಚೀಟಿ ಎತ್ತಿದಾಗ ರೂಮು ಕೊಡಬೇಕು ಅನ್ನುವ ಕಡೆ ನಿನ್ನ ಮಗಳಿಗೆ ಬಂತು, ಕೊಡಬಾರದು ಅನ್ನುವುದು ನನ್ನ ಮಗನಿಗೆ.

ಅವಳು ಮಾತಾಡಿದ್ದನ್ನು ನಾನು ಸಭಾಂಗಣದ ಬಾಗಿಲಲ್ಲಿ ಟ್ರೇ ಹಿಡಿದು ನಿಂತು ಕೇಳಿದೆ. ನಾವು ಆ ರೂಮಿನಲ್ಲಿ ಕೂತು ಜಗತ್ತಿನ ಭಾರವನ್ನೆಲ್ಲ ಬಾಯಲ್ಲೇ ಎತ್ತಿ ಇಳಿಸಿದ್ದೇವೆ, ನಿಜವಾಗಿ ಭಾರ ಎತ್ತುವವರು ಮಳೆಯಲ್ಲಿ ನೆನೆಯುತ್ತಿದ್ದಾರೆ ಅಂದಳು. ನಮ್ಮ ಅಧ್ಯಕ್ಷರು ಆ ರೂಮನ್ನು ಮಧ್ಯಾಹ್ನದ ನಿದ್ದೆಗೆ ಬಳಸುತ್ತಾರೆ, ಗೊರಕೆಗೆ ಗೋಡೆ ಬೇಡ ಅಂದಳು. ಜನ ಬಿದ್ದು ಬಿದ್ದು ನಕ್ಕರು. ನನ್ನ ಮಗ ಎದ್ದಾಗ ಅವನ ಮಾತು ಮೊದಲೇ ಅರ್ಧ ಸತ್ತಿತ್ತು. ಕೈ ಎತ್ತಿಸಿದರೆ ಇಡೀ ಸಭೆ ಅವಳ ಕಡೆ. ಪ್ರಿನ್ಸಿಪಾಲರು ನಗುತ್ತಾ ಎದ್ದು, ಹಾಗಾದರೆ ರೂಮು ಹೋಯಿತಲ್ಲಪ್ಪಾ ಅಧ್ಯಕ್ಷಾ ಅಂದರು.

ಎಡವಟ್ಟಾದದ್ದು ಅಲ್ಲೇ. ಚರ್ಚೆಯವರಿಗೆ ಅದು ಒಂದು ಗುರುವಾರದ ಆಟ. ಟೀ ಕುಡಿದು ಮುಂದಿನ ವಾರ ಇದರ ಉಲ್ಟಾ ವಾದ ಮಾಡುವವರು ಅವರು. ಮೊಟ್ಟೆ ಮತ್ತವನ ಹುಡುಗರು ಹುಟ್ಟಿದಾಗಿನಿಂದ ಒಂದು ಚರ್ಚೆ ಕೇಳಿದವರಲ್ಲ. ಸಂಘದ ಕಾರ್ಯದರ್ಶಿಯೇ ಕೊಡಬೇಕು ಅಂದಳು, ಸಭೆ ಕೈ ಎತ್ತಿತು, ಪ್ರಿನ್ಸಿಪಾಲರು ಹೋಯಿತು ಅಂದರು. ಇನ್ನೇನು ಬೇಕು? ನಾನಾಗಿದ್ದರೂ ಪಾತ್ರೆ ಪಗಡ ಹೊತ್ತುಕೊಂಡು ಹೋಗುತ್ತಿದ್ದೆ.

ನಡುವಿನ ದಿನಗಳಲ್ಲಿ ನನ್ನ ಮಗನನ್ನು ಯಾರೂ ಬಿಡಲಿಲ್ಲ. ಅವನ ಸಂಘದವನೇ ಒಬ್ಬ ಕ್ಯಾಂಟೀನಿನಲ್ಲಿ ಎಲ್ಲರ ಎದುರು, ಅಧ್ಯಕ್ಷರೇ, ಮನೆಯಲ್ಲಾದರೂ ನಿಮ್ಮ ರೂಮು ಉಳಿದಿದೆಯಾ, ಅದನ್ನೂ ತಂಗಿ ದಾನ ಮಾಡಿದ್ದಾಳಾ ಅಂದ. ಟೀ ಸೋಸುತ್ತಿದ್ದ ನನಗೂ ನಗು ಬಂತು. ಅವನು ನನ್ನ ಮುಖ ನೋಡಿ ಎದ್ದುಹೋದ. ರಾತ್ರಿ ಊಟದ ತಟ್ಟೆ ಎತ್ತಿಕೊಂಡು ತನ್ನ ಕೋಣೆ ಸೇರಿದ.

ಸೋಮವಾರ ಬೆಳಿಗ್ಗೆ ಮೊದಲ ಗಂಟೆಗೂ ಮುಂಚೆ ವ್ಯಾಯಾಮದವರು ಬಂದರು. ನನ್ನ ಅಡುಗೆ ಕಿಟಕಿಗೆ ನೇರ ಎದುರು ಆ ರೂಮು. ಹೆಗಲ ಮೇಲೆ ಕಬ್ಬಿಣದ ಸಲಾಕೆ, ಕೈಯಲ್ಲಿ ತಟ್ಟೆಯಂಥ ತೂಕಗಳು, ಮದುವೆ ದಿಬ್ಬಣದ ಹಾಗೆ ನಗುತ್ತಾ ಬಂದರು. ಬೀಗ ಇದ್ದದ್ದರಿಂದ ಒಬ್ಬ ಹೆಗಲು ಕೊಟ್ಟ, ಬಾಗಿಲು ಚೌಕಟ್ಟಿನ ಸಮೇತ ಒಳಗೆ ಬಿತ್ತು. ಚರ್ಚಾ ಸಂಘದ ಬಹುಮಾನದ ಕಪ್ಪುಗಳಿದ್ದ ಕಪಾಟನ್ನು ಹೊರಗೆ ಎಳೆಯುತ್ತಿದ್ದಾಗ ಚರ್ಚೆಯವರು ಓಡಿಬಂದರು. ಕಪಾಟು ಅಂಗಳಕ್ಕೆ ಕವುಚಿ ಬಿತ್ತು, ಗೆದ್ದ ಕಪ್ಪುಗಳೆಲ್ಲ ಉರುಳಿದವು. ಮೊದಲ ಏಟು ಚರ್ಚೆಯವರದೇ, ಅದನ್ನು ಮುಚ್ಚಿಡುವುದಿಲ್ಲ. ಒಬ್ಬ ಒಂದು ಕಪ್ಪು ಎತ್ತಿ ಎದುರಿನವನ ಮೂಗಿಗೆ ಬಾರಿಸಿದ. ಮೂಗು ಮುರಿದ ಸದ್ದು ಕಿಟಕಿಯವರೆಗೂ ಕೇಳಿತು.

ಆಮೇಲೆ ಯಾರು ಯಾರನ್ನು ಅಂತ ಇರಲಿಲ್ಲ. ಇಷ್ಟು ದಿನ ಬರೀ ಮಾತಾಡಿದ ಹುಡುಗರು ಅಷ್ಟು ಕೆಟ್ಟದಾಗಿ ಹೊಡೆಯುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಬಿದ್ದ ಬಾಗಿಲಿನ ಕೆಳಗೆ ಒಬ್ಬನ ಬೆರಳು ಸಿಕ್ಕಿಹಾಕಿಕೊಂಡಿದ್ದರೂ ಆ ಬಾಗಿಲನ್ನೇ ತುಳಿದರು. ಒಬ್ಬನ ಕುತ್ತಿಗೆಗೆ ಬೆನ್ನುಚೀಲದ ಪಟ್ಟಿ ಸುತ್ತಿ ಎಳೆದಾಡಿದರು, ಅವನ ಮುಖ ನೀಲಿಯಾಗುವವರೆಗೂ ಬಿಡಲಿಲ್ಲ. ಜಗಳ ಹೊರಳಿ ಹೊರಳಿ ಕ್ಯಾಂಟೀನಿಗೆ ಬಂತು. ಬೆಂಚಿನ ಕಾಲುಗಳನ್ನು ಕಿತ್ತರು. ಕುದಿಯುತ್ತಿದ್ದ ಟೀ ಪಾತ್ರೆ ಮಗುಚಿ ಇಬ್ಬರ ಪಾದ ಬೆಂದವು, ಆ ಬೆಂದ ಕಾಲಲ್ಲೇ ಒದ್ದಾಡಿಕೊಂಡರು. ನಾನು ಸೌಟು ಹಿಡಿದು ನಿಂತಿದ್ದೆ. ಏನು ಬಡಿಸಲು ಅಂತ ನನಗೂ ಗೊತ್ತಿಲ್ಲ.

ಮೊಟ್ಟೆ ಅಂಗಳದ ಮಧ್ಯೆ ತನ್ನ ಹುಡುಗರನ್ನು ಕುತ್ತಿಗೆಪಟ್ಟಿ ಹಿಡಿದು ಹಿಂದಕ್ಕೆ ಎಸೆಯುತ್ತಿದ್ದ. ನಿನ್ನ ಮಗಳು ಎಲ್ಲಿಂದಲೋ ಓಡಿ ಬಂದು ಅವನಿಗೂ ಚರ್ಚೆಯವರಿಗೂ ನಡುವೆ ಕೈ ಅಗಲಿಸಿ ನಿಂತಳು. ಅದು ಆಟ ಕಣ್ರೋ, ಚೀಟಿಯಲ್ಲಿ ಬಂದದ್ದು, ಅಂತ ಎರಡೂ ಕಡೆಗೆ ಹೇಳುತ್ತಿದ್ದಳು. ಆಗ ಏಟು ಬಿತ್ತು. ಅವಳು ಕೂಗಲಿಲ್ಲ. ಯಾರೋ ಕರೆದರು ಅನ್ನುವ ಹಾಗೆ ತಲೆ ಒಂದು ಕಡೆ ವಾಲಿಸಿ ಕೂತಳು, ಹಾಗೇ ಬಿದ್ದಳು. ಮೊಟ್ಟೆ ಅವಳನ್ನು ಎತ್ತಿಕೊಂಡು ಗೇಟಿನವರೆಗೆ ಓಡಿದ. ಅವನ ಬಿಳಿ ಬನಿಯನ್ ಎದೆಯಿಂದ ಸೊಂಟದವರೆಗೆ ಕೆಂಪಾಗಿತ್ತು.

ಆ ಬನಿಯನ್ನೇ ಅವನನ್ನು ಸಿಕ್ಕಿಹಾಕಿಸಿತು. ಹೊಡೆದವನು ಮೊಟ್ಟೆಯೇ ಅಂತ ಚರ್ಚೆಯವರು ಸಾಲಾಗಿ ಸಹಿ ಹಾಕಿ ಕೊಟ್ಟರು. ನಿನ್ನ ಮಗಳನ್ನು ಕೇಳಿದರೆ ಹಿಂದಿನಿಂದ ಬಿತ್ತು, ನೋಡಲಿಲ್ಲ ಅಂದಳು. ವಿಚಾರಣೆ ಮುಗಿಯುವ ದಿನ ಅವನನ್ನು ಕಾಲೇಜಿನಿಂದ ತೆಗೆದು ಪೊಲೀಸರಿಗೆ ಒಪ್ಪಿಸುವುದು ಅಂತ ಎಲ್ಲ ನಿಶ್ಚಯವಾಗಿತ್ತು. ಆ ದಿನ ಅವನ ತಾಯಿ ಬಂದಿದ್ದಳು. ಬಸ್ಸಿನಲ್ಲಿ ಟಿಕೆಟ್ ಕೊಡುವವಳು, ಸಮವಸ್ತ್ರದಲ್ಲೇ ಬಂದು ನನ್ನ ಉಳಿದ ಒಂದು ಬೆಂಚಿನ ತುದಿಯಲ್ಲಿ ಕೂತಳು. ನಾನು ಟೀ ಕೊಟ್ಟೆ. ಅವಳು ಲೋಟ ಮುಟ್ಟಲಿಲ್ಲ.

“ಅಮ್ಮಾ, ನೀವು ಕಿಟಕಿಯಲ್ಲೇ ಇದ್ದಿರಂತೆ. ನನ್ನ ಮಗ ಹೊಡೆದನಾ?”

ಟೀ ಆರುತ್ತದೆ ಕುಡಿಯಿರಿ ಅಂದೆ. ಅವಳು ಮತ್ತೆ ಕೇಳಲಿಲ್ಲ. ಅವಳು ಇನ್ನೊಂದು ಸಲ ಕೇಳಿದ್ದರೆ ನಾನು ಸುಳ್ಳು ಹೇಳಿ ಬಿಡುತ್ತಿದ್ದೆನೋ ಏನೋ. ಕೇಳದೆ ಹೋದದ್ದರಿಂದ ಸೆರಗಿಗೆ ಕೈ ಒರೆಸಿಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಮೊಟ್ಟೆ ಹೊಡೆದಿಲ್ಲ ಅಂದೆ. ಹಾಗಾದರೆ ಯಾರು ಅಂತ ಕೇಳಿದರು, ಅದನ್ನೂ ಹೇಳಿದೆ.

ಇಲ್ಲಿಗೆ ನಿಲ್ಲಿಸುತ್ತೇನೆ, ಕೈ ಸೋತಿದೆ. ನಿನ್ನ ಯಜಮಾನರಿಗೆ ಭಾರ ಎತ್ತಲು ಬಿಡಬೇಡ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ನೀವಿಬ್ಬರೂ ಗಟ್ಟಿಯಾಗಿರಿ, ನಿಮ್ಮ ಮನೆಯಲ್ಲಿ ಒಳ್ಳೆಯ ಸುದ್ದಿಯೇ ಕೇಳಿಸಲಿ.

ನಿನ್ನ ಅಕ್ಕ

ಮರೆತು ಬರೆಯುತ್ತಿರುವುದಲ್ಲ, ಬರೆಯಲೆಂದೇ ಕೆಳಗೆ ಜಾಗ ಬಿಟ್ಟದ್ದು. ಹೊಡೆದದ್ದು ನನ್ನ ಮಗ.

ಅವಳು ಅವನ ಕಡೆ ತಿರುಗಿ, ಬಿಡೋ ಅಣ್ಣಾ, ಒಂದು ರೂಮು ತಾನೆ ಅಂದಳು. ಆಮೇಲೆ ಅವನಿಗೆ ಬೆನ್ನು ಹಾಕಿ ಮೊಟ್ಟೆಗೆ ಏನೋ ಹೇಳಲು ಹೋದಳು. ಅವನ ಕೈಯಲ್ಲಿ ನನ್ನ ಬೆಂಚಿನ ಕಾಲು ಇತ್ತು. ಮೊಟ್ಟೆಗೆ ಬೀಸಿದ್ದು, ಅಡ್ಡ ಬಂದಳು ಅಂತ ಹೇಳಬಹುದು. ಹಾಗೇ ಹೇಳಿಕೊಂಡು ಎರಡು ರಾತ್ರಿ ಮಲಗಲು ನೋಡಿದೆ. ಕೈ ಜಾರಿ ಬಿದ್ದ ಲೋಟ ಯಾವುದು, ಸಿಟ್ಟಿನಿಂದ ಕುಕ್ಕಿದ ಲೋಟ ಯಾವುದು ಅಂತ ಬೆನ್ನು ತಿರುಗಿಸಿ ನಿಂತರೂ ನನಗೆ ತಿಳಿಯುತ್ತದೆ. ಅವನು ಎರಡೂ ಕೈಯಲ್ಲಿ ಹಿಡಿದು, ಹೆಜ್ಜೆ ಮುಂದಿಟ್ಟು, ಅವಳ ತಲೆಯನ್ನೇ ನೋಡಿ ಹೊಡೆದ.

ಪ್ರಿನ್ಸಿಪಾಲರ ಕೋಣೆಯಲ್ಲಿ ನಾನು ಹೇಳಿ ಮುಗಿಸಿದಾಗ, ವಿಚಾರಣೆಗೆ ಅವನ ಜೊತೆ ಬಂದಿದ್ದ ಗೆಳೆಯರು, ಆಂಟಿಗೆ ದೂರದ ಕಣ್ಣು ಮಂದ ಸಾರ್ ಅಂತ ಶುರುಮಾಡಿದರು. ನನ್ನ ಮಗ ತಲೆ ಎತ್ತಲಿಲ್ಲ.

“ಅಮ್ಮ ನೋಡಿದ್ದನ್ನೇ ಹೇಳ್ತಾರೆ ಸಾರ್,” ಅಂದ.

ಮನೆಗೆ ಬಂದು ನಿನ್ನ ಮಗಳಿಗೆ ಹೇಳಿದೆ. ತಬ್ಬಿಕೊಂಡು ಅಳುತ್ತಾಳೆ ಅಂತ ಲೆಕ್ಕ ಹಾಕಿದ್ದೆ. ಅವಳು ಆ ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡಿದಳು.

“ನಾನು ಬಾಯಿ ಮುಚ್ಚಿಕೊಂಡಿದ್ದು ನಿನಗೋಸ್ಕರ ದೊಡ್ಡಮ್ಮಾ. ನೀನು ಯಾರಿಗೋಸ್ಕರ ಬಾಯಿ ಬಿಟ್ಟೆ?”

ಅಂದಿನಿಂದ ನನ್ನೊಡನೆ ಮಾತಿಲ್ಲ. ಬಂದು ಕರೆದುಕೊಂಡು ಹೋಗುತ್ತೀಯಾದರೆ ತಡೆಯುವುದಿಲ್ಲ. ನನ್ನ ಮುಖ ನೋಡಬಾರದು ಅನ್ನಿಸಿದರೆ ಹೇಳು, ಅವಳನ್ನು ಬಸ್ ನಿಲ್ದಾಣದವರೆಗೆ ಕಳಿಸಿಕೊಡುತ್ತೇನೆ.

ಯಾರಿಗೆ ಏನು ದಕ್ಕಿತು ಅಂತ ಬರೆದು ಮುಗಿಸುತ್ತೇನೆ. ಮೊಟ್ಟೆಗೆ ಅವನ ಓದು ಉಳಿಯಿತು. ಅವನ ತಾಯಿಗೆ ನಿದ್ದೆ ಬಂತು. ವ್ಯಾಯಾಮ ಸಂಘಕ್ಕೆ ಅದೇ ಸೈಕಲ್ ಸ್ಟ್ಯಾಂಡು. ಚರ್ಚಾ ಸಂಘವನ್ನು ಮುಚ್ಚಿದರು. ರೂಮಿಗೆ ಹೊಸ ಬಾಗಿಲು ಹಾಕಿಸಿ ಪ್ರಿನ್ಸಿಪಾಲರು ಮುರಿದ ಕುರ್ಚಿ ತುಂಬಿಸಿದರು. ನನ್ನ ಮಗನ ಮೇಲೆ ಕೇಸಾಯಿತು, ಕಾಲೇಜು ಹೋಯಿತು. ಜಾಮೀನಿನ ಮೇಲೆ ಬಂದು ಹಿತ್ತಲಿನ ಸಾಮಾನು ಶೆಡ್ಡಿನಲ್ಲಿ ಮಲಗುತ್ತಾನೆ, ಮನೆಯೊಳಗೆ ಬರಬೇಡ ಅಂದವಳು ನಾನೇ. ನಿನ್ನ ಮಗಳಿಗೆ ಒಂದು ಕಿವಿ ಉಳಿಯಿತು. ನನಗೆ ಹೊತ್ತು ಹೊತ್ತಿಗೆ ಎರಡು ತಟ್ಟೆ ಬಡಿಸಿ, ಒಂದನ್ನು ಅವಳ ಬಾಗಿಲ ಹೊರಗೂ ಒಂದನ್ನು ಶೆಡ್ಡಿನ ಹೊರಗೂ ಇಟ್ಟು ಬರುವ ಕೆಲಸ ಸಿಕ್ಕಿತು.